ಸಿಎಸ್ ಸರಿ ಇದೆ, ಆದ್ರೂ ಬಸ್ ಜಗಳ ಯಾಕೆ?

ಧನಕವಡಿ ಅಂದ್ರೆ ಇಂಜಿನಿಯರಿಂಗ್ ಹುಡುಗರ ಏರಿಯಾ. ವಿಜಯಪುರದ ಕಡೆಯವನೊಬ್ಬ ದ್ರಾಕ್ಷಿ ಕೋಲ್ಡ್ ಸ್ಟೋರೇಜಿಗೆ ತಾಪಮಾನದ ಲಾಗರ್ ಮಾಡ್ತಿದ್ದ. ಆರ್ಡುಯಿನೋ ಊನೋ, ಒಂದೇ ಎಸ್‌ಪಿಐ ಬಸ್ ಮೇಲೆ ಡಬ್ಲ್ಯೂ5500 ಎತರ್ನೆಟ್ ಮತ್ತು ಎಸ್‌ಡಿ ಕಾರ್ಡ್ ಮಾಡ್ಯೂಲ್. ಬಿಡಿಬಿಡಿಯಾಗಿ ಎರಡೂ ಓಡ್ತವೆ. ಜೊತೆಗೆ ಹಾಕಿದ್ರೆ ಕಾರ್ಡ್ ಓಡತ್ತೆ, ನೆಟ್‌ವರ್ಕ್ ಸಾಯತ್ತೆ. ರಾತ್ರಿ ಕಂಪ್ರೆಸರ್ ನಿಂತ್ರೆ ಮೆಸೇಜ್ ಹೋಗಲ್ಲ, ಬೆಳಗ್ಗೆ ಮಾಲು ಕೆಟ್ಟಿರತ್ತೆ.

ಎಸ್‌ಪಿಐ ಒಂಥರಾ ಕ್ಲಾಸಿನ ಹಾಜರಿ. ಯಾರ ಚಿಪ್ ಸೆಲೆಕ್ಟ್, ಅಂದ್ರೆ ಸಿಎಸ್ ಪಿನ್, ಲೋ ಆಗತ್ತೋ ಅವರೊಬ್ಬರೇ ಮಿಸೋ ತಂತಿ ಮೇಲೆ ಉತ್ತರ ಕೊಡಬೇಕು. ಉಳಿದವರು ಸುಮ್ಮನಿರೋದಷ್ಟೇ ಅಲ್ಲ, ಆ ತಂತಿಯಿಂದ ಕೈ ಬಿಡಬೇಕು.

ಮೊದಲು ಕೋಡ್ ನೋಡೋಣ. ಸೆಟಪ್‌ನ ಆರಂಭದಲ್ಲೇ, ಯಾವ ಲೈಬ್ರರಿಯನ್ನೂ ಶುರು ಮಾಡೋ ಮುಂಚೆ, ಎಲ್ಲಾ ಸಿಎಸ್ ಪಿನ್‌ಗಳನ್ನೂ ಔಟ್‌ಪುಟ್ ಮಾಡಿ ಹೈ ಇಡಿ. ಇಲ್ಲಾಂದ್ರೆ ಕಾರ್ಡ್ ಶುರುವಾಗುವಾಗ ಎತರ್ನೆಟ್‌ನ ಸಿಎಸ್ ಗಾಳಿಯಲ್ಲಿ ತೇಲ್ತಿರತ್ತೆ. ರೀಸೆಟ್ ಸಮಯಕ್ಕೆ ಕೋಡ್ ಇರಲ್ಲ, ಅದಕ್ಕೆ ಪ್ರತಿ ಸಿಎಸ್‌ಗೂ 10 ಕಿಲೋ ಓಮ್ ಪುಲ್‌ಅಪ್ ಹಾಕಿ.

ಇವನು ಇದೆಲ್ಲ ಮಾಡಿದ್ದ. ಇಂಥ ಹೊತ್ತಲ್ಲಿ ಲೈಬ್ರರಿ ಬದಲಾಯಿಸ್ತಾ ಕೂತ್ಕೋಬೇಡಿ, ಮಲ್ಟಿಮೀಟರ್ ತಗೊಳ್ಳಿ. ಎಲ್ಲಾ ಸಿಎಸ್ ಹೈ ಇಟ್ಟು, ಊನೋದ ಮಿಸೋ, ಅಂದ್ರೆ 12ನೇ ಪಿನ್ನನ್ನು 10 ಕಿಲೋ ಓಮ್ ಮೂಲಕ ಒಮ್ಮೆ 3.3 ವೋಲ್ಟ್‌ಗೆ, ಒಮ್ಮೆ ಗ್ರೌಂಡ್‌ಗೆ ಎಳೆಯಿರಿ. ವೋಲ್ಟೇಜ್ ಹಿಂದೆಯೇ ಬಂದ್ರೆ ತಂತಿ ಖಾಲಿ. ಜಗ್ಗದೇ ನಿಂತ್ರೆ ಯಾರೋ ಹಿಡ್ಕೊಂಡಿದಾರೆ. ಒಂದೊಂದೇ ಮಾಡ್ಯೂಲ್ ಕಿತ್ತು ನೋಡಿ, ಕಳ್ಳ ಸಿಗ್ತಾನೆ.

ಇಲ್ಲಿ ಕಳ್ಳ ಎಸ್‌ಡಿ ಮಾಡ್ಯೂಲ್. ಕಾರ್ಡ್ 3.3 ವೋಲ್ಟಿಂದು, ಊನೋ 5 ವೋಲ್ಟಿಂದು, ಹಾಗಾಗಿ ನಡುವೆ 74ಎಲ್‌ವಿಸಿ125 ಬಫರ್ ಚಿಪ್ ಕೂರಿಸಿರ್ತಾರೆ. ಅದರ ನಾಲ್ಕೂ ಬಫರ್‌ಗಳಿಗೆ ಬೇರೆ ಬೇರೆ ಎನೇಬಲ್ ಪಿನ್ ಇದೆ. ಅಗ್ಗದ ಎಷ್ಟೋ ಬೋರ್ಡ್‌ಗಳಲ್ಲಿ ಎಲ್ಲವನ್ನೂ ಗ್ರೌಂಡ್‌ಗೆ ಕಟ್ಟಿಬಿಟ್ಟಿರ್ತಾರೆ. ಕಾರ್ಡ್ ಪಾಪ ಕೈ ಬಿಟ್ಟಿರತ್ತೆ, ಬಫರ್ ಬಿಡಲ್ಲ! ಮಿಸೋ ಬಫರ್‌ನ ಎನೇಬಲ್ ಪಿನ್ನನ್ನು ಗ್ರೌಂಡ್‌ನಿಂದ ಬಿಡಿಸಿ ಕಾರ್ಡಿನ ಸಿಎಸ್‌ಗೆ ಬೆಸುಗೆ ಹಾಕಿದ್ರೆ ಮುಗೀತು. ಕೈ ನಡುಗೋರು ಬೇರೆ ಮಾಡ್ಯೂಲ್ ತಗೊಳ್ಳಿ. ನಮ್ಮ ಎಸ್.ಪಿ. ರೋಡ್ ಥರ ಇಲ್ಲಿ ಬುಧವಾರ ಪೇಠದ ತಪಕೀರ್ ಗಲ್ಲಿ ಇದೆಯಲ್ಲ.

ಕಾರ್ಡ್‌ಗೂ ಒಂದು ಚಾಳಿ ಇದೆ. ಸಿಎಸ್ ಹೈ ಆದ ಕೂಡಲೇ ಮಿಸೋ ಬಿಡಲ್ಲ, ಇನ್ನೂ ಕ್ಲಾಕ್ ಬೇಕು. ಸಿಎಸ್ ಏರಿಸಿದ ಮೇಲೆ ಒಂದು 0ಎಕ್ಸ್‌ಎಫ್‌ಎಫ್ ಬೈಟ್ ಕಳಿಸಿ, 8 ಕ್ಲಾಕ್ ಸಿಗತ್ತೆ. ಆಮೇಲೆ ಎತರ್ನೆಟ್‌ನ ಸಿಎಸ್ ಇಳಿಸಿ.