ಹಿಂದಿನವರು ಬಿಗಿದ ನಟ್ಟುಗಳು

ಕೊಟ್ಟೂರು ದಾಟಿ ಕೂಡ್ಲಿಗಿ ಕಡೆಗೆ ಹೊರಟರೆ ಊರು ಮುಗಿಯುವಲ್ಲಿ ವೆಲ್ಡಿಂಗ್ ಶೆಡ್ಡುಗಳ ಸಾಲು. ಬೆಳಗಾಗುತ್ತಲೇ ನೀಲಿ ಕಿಡಿ, ಗ್ರೈಂಡರಿನ ಕಿರುಚಾಟ. ಟ್ರ್ಯಾಕ್ಟರ್ ಟ್ರೇಲರುಗಳು ಇಲ್ಲಿ ಹುಟ್ಟುತ್ತವೆ, ಸವೆದ ಕುಂಟೆಗಳಿಗೆ ಹೊಸ ಕುಡ ಬೀಳುತ್ತದೆ. ಸಾಲಿನ ಕೊನೆಯ ಶೆಡ್ಡಿನಲ್ಲಿ ರೋಟವೇಟರು, ಕೂರಿಗೆಗಳ ನಡುವೆ ಒಂದು ಪುಟ್ಟ ಕಾರು ಇದೆ. ನಾಲ್ಕೂ ಗಾಲಿ ಬಿಚ್ಚಿ ಜಾಲಿಯ ದಿಮ್ಮಿಗಳ ಮೇಲೆ ಕೂರಿಸಿದ್ದಾರೆ. ಬಾನೆಟ್ಟು ಗೋಡೆಗೆ ಒರಗಿದೆ. ಬೆರಳಿನಿಂದ ಬಡಿದರೆ ತಗಡಿನ ಸದ್ದಿಲ್ಲ, ಪ್ಲಾಸ್ಟಿಕ್ ಬಕೆಟ್ಟಿನಂಥ ಮೊಂಡು ಸದ್ದು. ಕೂರಿಗೆ ರಿಪೇರಿಗೆ ಬಂದ ರೈತರೆಲ್ಲ ಒಂದು ಸಲ ಬಡಿದು ನೋಡದೆ ಹೋಗುವುದಿಲ್ಲ.

‘ಇದು ಕಾರೇನಪಾ, ಆಟಿಗಿ ಸಾಮಾನಾ?’

‘ಕಾರಾ ಐತ್ರಿ ಯಜಮಾನ್ರ. ಬೆಂಗಳೂರಾಗ ಮಾಡಿದ್ದು’ ಎನ್ನುತ್ತಾನೆ ಹಡಗಲಿಯ ಹುಡುಗ. ಕಾರು ಅವನದು. ಇಷ್ಟು ದಿನದಲ್ಲಿ ಆ ಉತ್ತರ ಅವನಿಗೆ ಬಾಯಿಪಾಠ.

ಅವನು ಹೇಳುವುದು ನಿಜ. ಇದು ಸಿಪಾನಿ ಡಾಲ್ಫಿನ್. ಬ್ರಿಟನ್ನಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಕಾರಿನ ವಿನ್ಯಾಸವನ್ನು ತಂದು ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 1982ರಲ್ಲಿ ಹೊರತಂದ ಎರಡು ಬಾಗಿಲಿನ ಗಾಡಿ. ಮೈ ಪೂರ್ತಿ ಫೈಬರ್ ಗ್ಲಾಸ್, ಎಂಜಿನ್ 848 ಸಿಸಿ, ಅದರ ಬ್ಲಾಕೂ ಅಲ್ಯೂಮಿನಿಯಂ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಪೇಟೆಯಲ್ಲಿ ಅದಕ್ಕೆ ಜಾಗ ಉಳಿಯಲಿಲ್ಲ. ಆದರೆ ರ‍್ಯಾಲಿ ಹುಚ್ಚಿನವರು ಅದನ್ನು ಬಿಡಲಿಲ್ಲ. ಹಗುರ ಮೈ, ಹಿಂದಿನ ಗಾಲಿಗೆ ಎಳೆತ. ಕಡಿಮೆ ದುಡ್ಡಿನಲ್ಲಿ ಸ್ಪೋರ್ಟ್ಸ್ ಕಾರಿನ ರುಚಿ ನೋಡಬಯಸಿದವರಿಗೆ ಅಂದಿನ ಪೇಟೆಯಲ್ಲಿ ಇಷ್ಟು ಹಗುರದ ಗಾಡಿ ಸಿಗುವುದೇ ಕಷ್ಟವಿತ್ತು. ಸಂಡೂರಿನ ಅದಿರು ಲಾರಿಗಳನ್ನು ನೋಡುತ್ತ ಬೆಳೆದ ಈ ಸೀಮೆಯಲ್ಲಿ, ಕಬ್ಬಿಣ ಇಷ್ಟು ಕಡಿಮೆ ಇರುವ ಕಾರಿಗೆ ಜನ ಬೆರಗಾಗುವುದು ಸಹಜ.

ಹುಡುಗ ಇದನ್ನು ಕೊಂಡಾಗ ಇದು ಬರೀ ಡಾಲ್ಫಿನ್ ಆಗಿ ಉಳಿದಿರಲಿಲ್ಲ. ಯಾರೋ ಇದನ್ನು ರ‍್ಯಾಲಿಗೆಂದು ತಿದ್ದಿದ್ದರು, ಅವರಿಂದ ಕೊಂಡವರು ಮತ್ತೆ ತಿದ್ದಿದ್ದರು. ಒಂದರ ಜಾಗದಲ್ಲಿ ಎರಡು ಕಾರ್ಬೊರೇಟರ್, ತೇಯ್ದು ತೆಳ್ಳಗೆ ಮಾಡಿದ ಸಿಲಿಂಡರ್ ಹೆಡ್, ಹೊರಕ್ಕೆ ಚಾಚಿದ ಅಗಲದ ಗಾಲಿಗಳು, ಅವಕ್ಕೆ ಜಾಗ ಬಿಡಲು ಕೊರೆದ ಮಡ್‌ಗಾರ್ಡು, ಒಳಗೆ ಪೈಪಿನ ಪಂಜರ, ಡ್ಯಾಶ್‌ಬೋರ್ಡಿನಲ್ಲಿ ಯಾವುದಕ್ಕೆಂದು ತಿಳಿಯದ ಸ್ವಿಚ್ಚುಗಳು. ‘ಸ್ವಲ್ಪ ಕೆಲಸ ಬಾಕಿ ಇದೆ, ಅಷ್ಟೇ’ ಎಂದು ಹೇಳಿ ಮಾರಿದ್ದರು.

ಶೆಡ್ಡಿನ ಮೇಸ್ತ್ರಿ ಟ್ರ್ಯಾಕ್ಟರ್ ಮನುಷ್ಯ. ಅರವತ್ತರ ಹತ್ತಿರ ವಯಸ್ಸು, ಹಣೆಯಲ್ಲಿ ವಿಭೂತಿ, ಕಿವಿಯ ಹಿಂದೆ ಪೆನ್ಸಿಲ್ಲು. ಮೊದಲ ದಿನ ಕಾರಿನ ಸುತ್ತ ಒಂದು ಸುತ್ತು ಬಂದು, ಕೆಳಗೆ ತೂರಿ ನೋಡಿ, ಅವರು ಹೇಳಿದ ಮಾತು ಈಗ ಇಡೀ ಸಾಲಿನಲ್ಲಿ ಚಲಾವಣೆಯಲ್ಲಿದೆ: ‘ಬ್ಯಾರೆ ಗಾಡಿ ಕೆಟ್ರ ಗಾಡಿ ಜೋಡಿ ಜಗಳ. ಇದರಾಗ ಹಂಗಲ್ಲ ತಮ್ಮಾ. ಮೊದ್ಲು ಕೈ ಹಾಕ್ಯಾರಲ್ಲ, ಅವರ ಜೋಡಿ ಜಗಳ.’

ಜಗಳ ಶುರುವಾದದ್ದು ನಟ್ಟುಗಳಿಂದ. ಬ್ರಿಟಿಷ್ ಮೂಲದ ಎಂಜಿನ್ನಿಗೆ ಇಂಚಿನ ಲೆಕ್ಕದ ಬೋಲ್ಟು. ಹಿಂದಿನವರಲ್ಲಿ ಯಾರೋ ಕೈಗೆ ಸಿಕ್ಕ ಮಿಲಿಮೀಟರ್ ಬೋಲ್ಟುಗಳನ್ನು ಅದೇ ತೂತುಗಳಿಗೆ ಒತ್ತಾಯದಿಂದ ತಿರುಗಿಸಿದ್ದರು. ಕಬ್ಬಿಣದ ಬ್ಲಾಕಾಗಿದ್ದರೆ ಬೋಲ್ಟು ಸೋಲುತ್ತಿತ್ತು. ಅಲ್ಯೂಮಿನಿಯಂ ಮೆತ್ತಗೆ, ಇಲ್ಲಿ ಸೋತದ್ದು ತೂತಿನ ಮರೆ. ಬೋಲ್ಟು ತಿರುಗುತ್ತಲೇ ಇರುತ್ತದೆ, ಬಿಗಿಯಾಗುವುದಿಲ್ಲ. ಎಂಜಿನ್ ಹೆಡ್ಡಿಗೆ ಈ ಗತಿಯಾದರೆ ಗ್ಯಾಸ್ಕೆಟ್ ನಿಲ್ಲದು, ನೀರು ಎಣ್ಣೆಗೆ ಸೇರುತ್ತದೆ. ಹುಡುಗ ಹೊಸ ಗ್ಯಾಸ್ಕೆಟ್ ತರಿಸಿ ಹಾಕಿದ. ಅದೂ ಹೋಯಿತು. ಮತ್ತೊಂದು ತರಿಸಿದ. ಅದೂ ಹೋಯಿತು.

ಹೆಡ್ಡನ್ನೂ ಬ್ಲಾಕನ್ನೂ ಗೋಣಿಚೀಲದಲ್ಲಿ ಸುತ್ತಿಕೊಂಡು ಹಗರಿಬೊಮ್ಮನಹಳ್ಳಿಗೆ ಹೋದದ್ದು ಆಗ. ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ ಒಂದು ಲೇತ್ ಅಂಗಡಿ. ಬಾಗಿಲಲ್ಲಿ ಬೋರ್‌ವೆಲ್ ರಿಗ್ಗಿನ ಶಾಫ್ಟುಗಳು, ನೆಲದ ತುಂಬ ಸುರುಳಿ ಸುರುಳಿ ಲೋಹದ ಹೊಟ್ಟು. ಅಂಗಡಿಯ ಚಾಚಾ ಹೆಡ್ಡನ್ನು ಕೈಗೆ ತಗೊಂಡವರೇ ಸೀಮೆಎಣ್ಣೆಯಲ್ಲಿ ಒರೆಸಿ, ಅದರ ಮೇಲೆ ಉಕ್ಕಿನ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಬಾಗಿಲ ಕಡೆ ಹಿಡಿದರು. ಪಟ್ಟಿಯ ಕೆಳಗೆ ನಡುವೆ ಬೆಳಕಿನ ಗೆರೆ ಕಂಡಿತು.

‘ಸೊಟ್ಟ ಆಗೈತಿ. ತೇಯ್ದು ನೇರ ಮಾಡ್ಬೋದಿತ್ತು. ಆದ್ರ ಇವ್ರು ಮೊದ್ಲಾ ತೇಯ್ದು ತೇಯ್ದು ಮಾಲೇ ಉಳಿಸಿಲ್ಲ.’

ಹೆಡ್ ತೇಯ್ದರೆ ಒಳಗಿನ ಜಾಗ ಕಿರಿದಾಗಿ ಒತ್ತಡ ಏರುತ್ತದೆ, ಎಂಜಿನ್ನಿಗೆ ಎಳೆತ ಬರುತ್ತದೆ. ರ‍್ಯಾಲಿಯವರು ತೇಯಿಸುವುದು ಅದಕ್ಕೇ. ಜೊತೆಗೆ ಬಿಸಿಯೂ ಏರುತ್ತದೆ. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವ ಲೋಹ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಬಯಲಿನಲ್ಲಿ ಅದು ಹಿಗ್ಗಿ, ಕುಗ್ಗಿ, ಸೊಟ್ಟಗಾಗಿತ್ತು. ಚಾಚಾ ಹೆಡ್ಡಿನಿಂದ ಕೂದಲೆಳೆಯಷ್ಟು ಮಾತ್ರ ತೆಗೆದು ನೇರ ಮಾಡಿದರು. ಕಳೆದುಹೋದ ಎತ್ತರವನ್ನು ಮರಳಿ ಕೊಡಲು ದಪ್ಪ ತಾಮ್ರದ ಹಾಳೆಯಲ್ಲಿ ಗ್ಯಾಸ್ಕೆಟ್ ಕತ್ತರಿಸಿದರು. ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರು. ಉಕ್ಕು ಹೀಗೆ ಮಾಡಿದರೆ ಗಡಸಾಗುತ್ತದೆ, ತಾಮ್ರ ಮೆತ್ತಗಾಗಿ ಎರಡೂ ಮೈಗೆ ಒಪ್ಪಿ ಕೂರುತ್ತದೆ. ಬ್ಲಾಕಿನ ಕೆಟ್ಟ ಮರೆಗಳನ್ನು ದೊಡ್ಡದಾಗಿ ಕೊರೆದು, ಒಳಗೆ ಉಕ್ಕಿನ ಬುಶ್ ಕೂರಿಸಿ, ಹೊಸ ಮರೆ ಹಾಕಿಕೊಟ್ಟರು. ಬಿಗಿಯುವಾಗ ನಡುವಿನ ಬೋಲ್ಟಿನಿಂದ ಶುರುಮಾಡಿ ಹೊರಕ್ಕೆ ಹೋಗಬೇಕು, ಒಂದೇ ಸಲಕ್ಕೆ ಪೂರ್ತಿ ಬಿಗಿಯಬಾರದು ಎಂದು ಹೇಳಿ, ಹುಡುಗನಿಂದ ಅದನ್ನು ಮತ್ತೆ ಹೇಳಿಸಿದರು.

ಎಂಜಿನ್ ಸರಿಯಾಯಿತು. ಬೆಳಕು ಮಾತ್ರ ಬರಲಿಲ್ಲ. ಹೆಡ್‌ಲೈಟ್ ಹಾಕಿದರೆ ಹಾರ್ನ್ ಗೊರಗೊರ ಅನ್ನುತ್ತದೆ, ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ. ಹುಡುಗ ಬ್ಯಾಟರಿ ಬದಲಿಸಿದ, ಫ್ಯೂಸ್ ಬದಲಿಸಿದ, ಸ್ವಿಚ್ ಬದಲಿಸಿದ. ಕಾಸು ಖರ್ಚಾಯಿತೇ ಹೊರತು ಗುಟ್ಟು ಬಿಡಲಿಲ್ಲ. ಕೊನೆಗೆ ಕೂಡ್ಲಿಗಿಯಿಂದ ಮೋಟರ್ ರಿವೈಂಡಿಂಗ್ ಮಾಡುವವರೊಬ್ಬರನ್ನು ಕರೆತಂದರು. ಬೋರ್‌ವೆಲ್ಲುಗಳು ಆಳಕ್ಕಿಳಿದಷ್ಟೂ ಮೋಟರು ಸುಡುವ ತಾಲ್ಲೂಕದು. ಸುಟ್ಟ ತಾಮ್ರದ ವಾಸನೆಯಲ್ಲೇ ಕಾಯಿಲೆ ಹೇಳುವ ಕೈ. ಅವರು ಹೋಲ್ಡರಿಗೆ ಎರಡು ವೈರು ಕಟ್ಟಿದ ಬಲ್ಬೊಂದನ್ನು ಹಿಡಿದು ದೀಪದಿಂದ ದೀಪಕ್ಕೆ ಹೋದರು. ಹಿಂದಿನ ದೀಪದ ಕಪ್ಪು ವೈರು ಎಲ್ಲಿಗೆ ಹೋಗಿದೆಯೆಂದು ಕೈಯಾಡಿಸಿ ನೋಡಿದರು. ಅದು ಒಂದು ಸ್ಕ್ರೂವಿನಿಂದ ಕಾರಿನ ಮೈಗೆ ಅಚ್ಚುಕಟ್ಟಾಗಿ ಕೂತಿತ್ತು.

‘ಯಾರ್ರೀ ಇದು, ಪ್ಲಾಸ್ಟಿಕ್ಕಿಗೆ ಅರ್ಥ್ ಕೊಟ್ಟೋರು?’

ಶೆಡ್ಡಿನಲ್ಲಿ ನಗು ಎದ್ದಿತು, ಕಾರಣ ಎಲ್ಲರಿಗೂ ಒಂದೇ ಕ್ಷಣಕ್ಕೆ ಹೊಳೆದಿತ್ತು. ತಗಡಿನ ಕಾರಿನಲ್ಲಿ ಕರೆಂಟು ದೀಪದವರೆಗೆ ವೈರಿನಲ್ಲಿ ಬರುತ್ತದೆ, ಮೈಯ ಮೂಲಕ ಬ್ಯಾಟರಿಗೆ ಮರಳುತ್ತದೆ. ಫೈಬರ್ ಮೈಯಲ್ಲಿ ಕರೆಂಟು ಹರಿಯದು. ಪ್ರತಿ ದೀಪಕ್ಕೂ ಹಿಂದಿರುಗುವ ವೈರೊಂದು ಚಾಸಿಯವರೆಗೆ ಬೇಕೇಬೇಕು. ಕಾರ್ಖಾನೆಯಿಂದ ಬಂದಾಗ ಇದ್ದ ಆ ವೈರುಗಳನ್ನು ತಗಡಿನ ಕಾರಿನ ರೂಢಿಯವರು ಯಾರೋ ಕಿತ್ತಿದ್ದರು. ದಾರಿ ಸಿಗದ ಕರೆಂಟು ಹಾರ್ನಿನೊಳಗೆ, ಇಂಡಿಕೇಟರಿನೊಳಗೆ ನುಸುಳಿ ಹೋಗಲು ನೋಡುತ್ತಿತ್ತು. ಹಳೆಯ ವೈರುಗಳ ಗೋಜಲನ್ನು ಕಿತ್ತೆಸೆದು, ಬಣ್ಣ ಬಣ್ಣದ ವೈರು ಎಳೆದು, ಚಾಸಿಗೆ ಕಪ್ಪು ವೈರು ಕಟ್ಟಿದರು. ಸಂಜೆ ಮಂಡಕ್ಕಿ ಮಿರ್ಚಿಯ ಪೊಟ್ಟಣ ಬಿಚ್ಚುವ ಹೊತ್ತಿಗೆ ನಾಲ್ಕೂ ದೀಪ ಉರಿದವು.

ಎರಡು ಕಾರ್ಬೊರೇಟರುಗಳ ಪಂಚಾಯ್ತಿ ನಡೆದದ್ದು ಹರಪನಹಳ್ಳಿಯಲ್ಲಿ. ಆ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದೆ. ಹಾಗಾಗಿ ಅಲ್ಲಿನ ಗ್ಯಾರೇಜುಗಳ ಮುಂದೆ ಕೆಎ 34, ಕೆಎ 17, ಕೆಎ 35 ಗಾಡಿಗಳೆಲ್ಲ ಸ್ಥಳೀಯರೇ. ಸಿಎ ಎಂದು ಶುರುವಾಗುವ ಹಳೆಯ ಬೋರ್ಡಿನ ಈ ಕಾರು ಹೋಗಿ ನಿಂತಾಗ ಮಾತ್ರ ಹುಡುಗರು ಮೊಬೈಲ್ ಎತ್ತಿದರು. ಅಂಬಾಸಿಡರ್, ಪದ್ಮಿನಿ ಟ್ಯಾಕ್ಸಿಗಳ ಕಾಲದ ಮೆಕ್ಯಾನಿಕ್ಕೊಬ್ಬರು ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟರು. ಎರಡರ ತುದಿ ಬೆಳ್ಳಗೆ, ಎರಡರದು ಮಸಿಗಪ್ಪು. ಬಿಳುಪೆಂದರೆ ಪೆಟ್ರೋಲು ಸಾಲದು, ಕಪ್ಪೆಂದರೆ ಹೆಚ್ಚಾಗಿದೆ. ನಾಲ್ಕೂ ಕಂದಾಗಿದ್ದರೆ ಎಂಜಿನ್ ಉಂಡು ತೃಪ್ತವಾಗಿದೆ ಎಂದರ್ಥ. ಒಂದು ಕಾರ್ಬೊರೇಟರ್ ಇನ್ನೊಂದರ ಮಾತು ಕೇಳುತ್ತಿರಲಿಲ್ಲ. ಈಗಿನ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ಪೈಪುಗಳು ಉಬ್ಬಿ, ಒಳಗೆ ಚೂರುಚೂರಾಗಿ ಜೆಟ್ಟಿಗೆ ಕಟ್ಟಿಕೊಂಡಿದ್ದವು.

‘ರೇಸಿಗೆ ಹೊಂಟಿಯೇನು?’ ಅಂದರು ಅವರು.

‘ಇಲ್ರಿ, ಹಡಗಲಿಗೆ.’

‘ಹಂಗಾದ್ರ ಒಂದಾ ಸಾಕು.’

ಹುಡುಗ ವಾದ ಮಾಡಿದ. ಎರಡು ಕಾರ್ಬೊರೇಟರಿಗಾಗಿಯೇ ಹೆಚ್ಚು ಹಣ ಕೊಟ್ಟಿದ್ದ. ಹೊಳೆಯುವ ಆ ಜೋಡಿಯನ್ನು ಕಳಚಿ ಡಿಕ್ಕಿಗೆ ಹಾಕಿ, ಒಂದೇ ಕಾರ್ಬೊರೇಟರ್ ಕೂರಿಸಿದಾಗ ಅವನ ಮುಖ ನೋಡಬೇಕಿತ್ತು. ಕೊಟ್ಟೂರಿಗೆ ಮರಳುವ ದಾರಿಯಲ್ಲಿ ಮಾತ್ರ, ಕೊಂಡ ಮೇಲೆ ಮೊದಲ ಬಾರಿಗೆ, ಕಾರು ಎಲ್ಲೂ ಕೆಮ್ಮದೆ ಓಡಿತು.

ಫೈಬರಿನ ಬಿರುಕುಗಳಿಗೆ ಪಾಠ ಸಿಕ್ಕಿದ್ದು ಹಡಗಲಿಯಲ್ಲಿ, ಮನೆಯಂಗಳದಲ್ಲೇ. ರೆಸಿನ್ನಿಗೆ ಹಾರ್ಡನರ್ ಬೆರೆಸಿದ ಕೂಡಲೇ ಅದು ತನ್ನಷ್ಟಕ್ಕೆ ಬಿಸಿಯಾಗುತ್ತದೆ. ಡಬ್ಬಿಯ ಮೇಲಿನ ಅಳತೆ ತಂಪು ಊರಿನದು. ಮಧ್ಯಾಹ್ನದ ಬಿಸಿಲಿನಲ್ಲಿ ಅದೇ ಅಳತೆ ಹಾಕಿದರೆ ಬ್ರಷ್ ಅದ್ದುವುದರೊಳಗೆ ಮಗ್ಗಿನಲ್ಲೇ ಹೊಗೆಯಾಡಿ ಕಲ್ಲಾಗುತ್ತಿತ್ತು. ಅವರ ಮನೆಯದು ಮಲ್ಲಿಗೆ ತೋಟ. ಮೊಗ್ಗು ಬಿಡಿಸಲು ಅವ್ವ ಬೆಳಕು ಹರಿಯುವ ಮುನ್ನ ಏಳುತ್ತಾರೆ. ‘ಬಿಸಲಾಗ ಹೂವಾ ತಡಿಯಂಗಿಲ್ಲ, ನಿನ್ನ ಅಂಟು ತಡಿತೈತೇನು? ನನ್ನ ಜೋಡಿ ಏಳು’ ಅಂದರು. ಅಂದಿನಿಂದ ಅವರು ಬುಟ್ಟಿ ಹಿಡಿದು ತೋಟಕ್ಕೆ ಹೊರಟರೆ ಇವನು ಟಾರ್ಚ್ ಹಿಡಿದು ಮಡ್‌ಗಾರ್ಡಿನ ಮುಂದೆ. ಬಿರುಕಿನ ಮೇಲೆ ಬರೀ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದನ್ನು ಕೆರೆದು, ಅಂಚನ್ನು ಇಳಿಜಾರಾಗಿ ತೇಯ್ದು, ಒಳಗಡೆಯಿಂದ ಗ್ಲಾಸ್ ಮ್ಯಾಟು ಪದರ ಪದರವಾಗಿ ಕೂರಿಸಿದ.

ಉಳಿದದ್ದು ಗಾಲಿ. ಅಗಲದ ಗಾಲಿಯೇ ಕಾರಿಗೆ ಅಂದ ಎಂದು ಹುಡುಗನ ಪಟ್ಟು. ಮೇಸ್ತ್ರಿ ಕೈಯಲ್ಲಿ ಬೇರಿಂಗ್ ಹಿಡಿದು ತೋರಿಸಿದರು. ಒಂದು ಮಗ್ಗುಲು ಸವೆದು ಹೋಗಿತ್ತು. ಗಾಲಿಯನ್ನು ಹೊರಕ್ಕೆ ಸರಿಸಿದಷ್ಟೂ ಭಾರ ಬೇರಿಂಗಿನ ಮೇಲೆ ಸನ್ನೆಗೋಲಾಗಿ ಬೀಳುತ್ತದೆ. ಕೊಟ್ಟೂರಿನವರಿಗೆ ಅಚ್ಚಿನ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. 2017ರ ಫೆಬ್ರುವರಿ 21ರಂದು ಕೊಟ್ಟೂರೇಶ್ವರನ ಅರವತ್ತು ಅಡಿ ಎತ್ತರದ ತೇರು ಭಕ್ತರ ಕಣ್ಣೆದುರೇ ಉರುಳಿಬಿತ್ತು. ಅಚ್ಚು ಮುರಿಯಿತೆಂದು ಊರು ಮಾತಾಡಿತು. ಊರಿಗೆ ಹೊಸ ತೇರು ಬಂತು, ಆದರೆ ಇವತ್ತಿಗೂ ಈ ಸಾಲಿನ ಶೆಡ್ಡುಗಳಲ್ಲಿ ಟ್ರೇಲರ್ ಮಾಡಿಸಲು ಬಂದವರು ಮೊದಲು ಬಗ್ಗಿ ನೋಡುವುದು ಅಚ್ಚನ್ನೇ. ‘ಮ್ಯಾಲಿನ ಶೃಂಗಾರ ಆಮ್ಯಾಲ ನೋಡೋಣು’ ಎಂದರು ಮೇಸ್ತ್ರಿ. ಹುಡುಗ ಮರುಮಾತಾಡದೆ ಮೂಲ ಅಳತೆಯ ಗಾಲಿ ಹುಡುಕಲು ಗುಜರಿಗೆ ಹೊರಟ.

ಕಾನೂನಿನ ಅಭಿಪ್ರಾಯವೂ ಮೇಸ್ತ್ರಿಯದೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಎತ್ತಿಹಿಡಿದಿದೆ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣಕ್ಕೆ ಗಾಡಿಯನ್ನು ತಪಾಸಣೆಗೆ ಒಡ್ಡಬೇಕು. ಎರಡು ಕಾರ್ಬೊರೇಟರು, ಪಂಜರ, ಚಾಚಿದ ಗಾಲಿಗಳೊಂದಿಗೆ ಹೋಗಿ ನಿಲ್ಲುವ ಧೈರ್ಯ ಹುಡುಗನಿಗೂ ಇರಲಿಲ್ಲ.

ಹಾಗೆಂದು ಹಿಂದಿನವರು ಮಾಡಿದ್ದೆಲ್ಲ ಹೋಗಲಿಲ್ಲ. ರೇಡಿಯೇಟರಿನ ಮುಂದೆ ಅವರು ಕೂರಿಸಿದ್ದ ಎಲೆಕ್ಟ್ರಿಕ್ ಫ್ಯಾನು ಉಳಿಯಿತು. ಅದು ಈ ಬಿಸಿಲಿಗೆ ಉತ್ತರ. ಬ್ಯಾಟರಿಯನ್ನು ಬಿಗಿದ ಪಟ್ಟಿಯೂ ಉಳಿಯಿತು, ಕೂಡ್ಲಿಗಿಯ ಕಪ್ಪು ವೈರುಗಳು ಹೊಸದಾಗಿ ಸೇರಿದವು. ಯಾವ ಬದಲಾವಣೆ ಯಾವ ತೊಂದರೆಗೆ ಎಂದು ಕೇಳಿದಾಗ ಉತ್ತರ ಇದ್ದದ್ದು ಉಳಿಯಿತು, ಇಲ್ಲದ್ದು ಡಿಕ್ಕಿಗೆ ಹೋಯಿತು.

ಆ ಪ್ರಶ್ನೆ ಕೇಳಲು ಇಷ್ಟು ಅಲೆಯಬೇಕಾಗಿ ಬಂದದ್ದು, ಹಿಂದಿನವರು ಒಂದು ಸಾಲನ್ನೂ ಬರೆದಿಡದ ಕಾರಣಕ್ಕೆ. ಈಗ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಯಾವ ತೂತಿಗೆ ಯಾವ ಅಳತೆಯ ಬೋಲ್ಟು, ಯಾವ ಬಣ್ಣದ ವೈರು ಎಲ್ಲಿಗೆ, ಗ್ಯಾಸ್ಕೆಟ್ಟಿನ ದಪ್ಪ ಎಷ್ಟು, ಏಕೆ ಅಷ್ಟು ಎಂಬುದೆಲ್ಲ ಹುಡುಗನ ಗುಂಡು ಅಕ್ಷರದಲ್ಲಿದೆ. ನಡುನಡುವೆ ಮೇಸ್ತ್ರಿಯ ಪೆನ್ಸಿಲ್ ಚಿತ್ರಗಳು. ಕಾರು ಮಾರುವ ಯೋಚನೆ ಅವನಿಗಿಲ್ಲ. ಮತ್ತೆ ಯಾರಿಗಾಗಿ ಇಷ್ಟೆಲ್ಲ ಎಂದರೆ ಮೇಸ್ತ್ರಿಯೇ ಉತ್ತರಿಸುತ್ತಾರೆ:

‘ಗಾಡಿ ನಮಗಿಂತ ಹೆಚ್ಗಿ ಬಾಳ್ತೈತ್ರಿ. ಮುಂದ ಬಿಚ್ಚಾವ ನಮ್ಮನ್ನ ಬೈಬಾರ್ದು, ಅಷ್ಟಾ.’