ದೇವಾರಾಧನೆ ಮತ್ತು ಸಂತಗೌರವ: ಕ್ರೈಸ್ತಧರ್ಮದ ಒಂದು ವಿವೇಚನೆ

ಭಕ್ತಿಯ ಬಾಹ್ಯ ಚಿಹ್ನೆಗಳು ಕೆಲವೇ. ಕೈಮುಗಿಯುವುದು, ಮೊಣಕಾಲೂರುವುದು, ದೀಪ ಹಚ್ಚುವುದು, ಹೂವಿಡುವುದು ಇವನ್ನು ಮನುಷ್ಯನು ದೇವರ ಮುಂದೆಯೂ ಮಾಡುತ್ತಾನೆ, ತಾನು ಗೌರವಿಸುವ ಹಿರಿಯರ ಮುಂದೆಯೂ ಮಾಡುತ್ತಾನೆ. ನೋಡುವವನ ಕಣ್ಣಿಗೆ ಎರಡೂ ಒಂದೇ. ಮಾಡುವವನ ಅಂತರಂಗದಲ್ಲಿ ಎರಡೂ ಬೇರೆಯಾಗಿರಬಹುದು. ಇಗರ್ಜಿಯಲ್ಲಿ ಸಂತರ ಪ್ರತಿಮೆಯ ಮುಂದೆ ಮೇಣದಬತ್ತಿ ಹಚ್ಚುವ ಭಕ್ತನನ್ನು ಕಂಡವರು, ಏಕದೇವನನ್ನು ನಂಬುವ ಧರ್ಮದಲ್ಲಿ ಇಷ್ಟು ಮಂದಿ ಪೂಜ್ಯರು ಹೇಗೆ ಬಂದರೆಂದು ಕೇಳುವುದು ಸಹಜ. ಇದು ಹೊರಗಿನವರ ಪ್ರಶ್ನೆ ಮಾತ್ರವಲ್ಲ. ಕ್ರೈಸ್ತಧರ್ಮವೇ ತನ್ನನ್ನು ತಾನು ಶತಮಾನಗಳಿಂದ ಕೇಳಿಕೊಂಡು ಬಂದ ಪ್ರಶ್ನೆ. ಇದಕ್ಕಾಗಿ ಪ್ರತಿಮೆಗಳು ಒಡೆದಿವೆ, ಸಭೆಗಳು ಸೀಳಿವೆ.

ಈ ವಿವೇಚನೆಯ ಬೀಜವು ಬೈಬಲಿನಲ್ಲಿಯೇ ಇದೆ. ಲುಸ್ತ್ರವೆಂಬ ಊರಿನ ಜನರು ಪೌಲ ಮತ್ತು ಬಾರ್ನಬರನ್ನು ದೇವತೆಗಳೆಂದೇ ಬಗೆದು ಎತ್ತುಗಳನ್ನು ಬಲಿಕೊಡಲು ಮುಂದಾದಾಗ, ಅವರಿಬ್ಬರೂ ತಮ್ಮ ಬಟ್ಟೆಗಳನ್ನು ಹರಿದುಕೊಂಡು ತಾವೂ ಮನುಷ್ಯರೇ ಎಂದು ಕೂಗಿ ತಡೆದರು. ತನ್ನ ಕಾಲಿಗೆರಗಿದ ಕೊರ್ನೇಲ್ಯನನ್ನು ಪೇತ್ರನು ಮೇಲೆಬ್ಬಿಸಿದನು. ಸಂತರೆನಿಸಿದವರೇ ದೇವರಿಗೆ ಸಲ್ಲತಕ್ಕುದನ್ನು ತಮಗೆ ಬೇಡವೆಂದರು ಎಂಬುದು ಇಲ್ಲಿ ಗಮನಾರ್ಹ.

ಸಂತಗೌರವದ ಮೂಲವು ಹುತಾತ್ಮರ ಸ್ಮರಣೆ. ಎರಡನೆಯ ಶತಮಾನದ ನಡುವೆ ಸ್ಮಿರ್ನಾ ನಗರದ ಬಿಷಪ್ ಪೊಲಿಕಾರ್ಪನು ತನ್ನ ವಿಶ್ವಾಸಕ್ಕಾಗಿ ಪ್ರಾಣಕೊಟ್ಟನು. ಇನ್ನು ಮುಂದೆ ಕ್ರೈಸ್ತರು ಕ್ರಿಸ್ತನನ್ನು ಬಿಟ್ಟು ಇವನನ್ನೇ ಪೂಜಿಸಿಯಾರು ಎಂಬ ಶಂಕೆ ಆಗಲೇ ಎದ್ದಿತು. ಸ್ಮಿರ್ನಾದ ಸಭೆಯು ಬರೆದ ಪತ್ರವು ಇದಕ್ಕೆ ನೇರವಾಗಿ ಉತ್ತರಿಸುತ್ತದೆ: ಆರಾಧನೆ ಕ್ರಿಸ್ತನಿಗೆ, ಹುತಾತ್ಮರಿಗೆ ಸಲ್ಲುವುದು ಪ್ರೀತಿ, ಏಕೆಂದರೆ ಅವರು ಅವನ ಶಿಷ್ಯರು. ಆದರೂ ಅವರು ಪೊಲಿಕಾರ್ಪನ ಅಸ್ಥಿಗಳನ್ನು ಆಯ್ದು ಕಾಪಾಡಿದರು. ಅವನು ಮಡಿದ ದಿನವನ್ನು ವರ್ಷವರ್ಷವೂ ಆಚರಿಸಲು ನಿಶ್ಚಯಿಸಿದರು. ಭೇದವನ್ನು ಬಾಯಲ್ಲಿ ಹೇಳುತ್ತಲೇ ಗೌರವವನ್ನು ಕೈಯಲ್ಲಿ ಮಾಡಿ ತೋರಿದ ಮೊದಲ ದಾಖಲೆಗಳಲ್ಲಿ ಇದೊಂದು.

ಈ ಭೇದವು ಸದಾ ಸುರಕ್ಷಿತವಾಗಿ ಉಳಿಯಲಿಲ್ಲ. ನಾಲ್ಕನೆಯ ಶತಮಾನದಲ್ಲಿ ಸಾಲಮಿಸ್‌ನ ಎಪಿಫಾನಿಯಸ್ ಎಂಬ ಬಿಷಪ್, ಅರೇಬಿಯದಲ್ಲಿ ಕೆಲವು ಸ್ತ್ರೀಯರು ಮರಿಯಳ ಹೆಸರಿನಲ್ಲಿ ರೊಟ್ಟಿಯನ್ನು ನೈವೇದ್ಯದಂತೆ ಅರ್ಪಿಸುತ್ತಿದ್ದರೆಂದು ಬರೆದು ಅದನ್ನು ಖಂಡಿಸಿದನು. ಮರಿಯಳಿಗೆ ಗೌರವವಿರಲಿ, ಆರಾಧನೆ ದೇವರಿಗೆ ಮಾತ್ರ ಎಂಬುದು ಅವನ ನಿಲುವು. ಅನಂತರ ಅಗಸ್ಟಿನನು (354–430) ಇದಕ್ಕೊಂದು ಖಚಿತವಾದ ಒರೆಗಲ್ಲನ್ನು ಒದಗಿಸಿದನು. ಬಲಿವೇದಿಕೆಯು ಹುತಾತ್ಮನ ಸಮಾಧಿಯ ಮೇಲೆಯೇ ಇರಬಹುದು. ಬಲಿಯು ಮಾತ್ರ ಹುತಾತ್ಮನಿಗಲ್ಲ, ಹುತಾತ್ಮನ ದೇವರಿಗೆ. ಕನ್ನಡದ ಕ್ಯಾಥೊಲಿಕರು ತಮ್ಮ ಪ್ರಧಾನ ಆಚರಣೆಯನ್ನು ‘ಬಲಿಪೂಜೆ’ ಎಂದು ಕರೆಯುವುದರಲ್ಲಿ ಈ ಅರ್ಥವೇ ಅಡಗಿದೆ. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದಲ್ಲಿ ಸೆಪ್ಟೆಂಬರ್ 8ರಂದು ತೇರು ಹೊರಡುವುದು ಮರಿಯಳ ಹೆಸರಿನಲ್ಲಿ. ಅಂದಿನ ಬಲಿಪೂಜೆ ಸಲ್ಲುವುದು ದೇವರಿಗೆ.

ಪ್ರಾರ್ಥನೆಯ ರೂಪವೂ ಇನ್ನೊಂದು ಗುರುತು. ಕ್ಯಾಥೊಲಿಕರ ಸಂತಮಾಲೆಯ ಪ್ರಾರ್ಥನೆಯಲ್ಲಿ ದೇವರನ್ನು ಕರೆದಾಗ ಕರುಣೆಯನ್ನು ಬೇಡುತ್ತಾರೆ; ಸಂತರನ್ನು ಕರೆದಾಗ ತಮಗಾಗಿ ಪ್ರಾರ್ಥಿಸೆಂದು ಕೇಳುತ್ತಾರೆ. ಒಂದು ಕಡೆ ಕೊಡುವವನಿದ್ದಾನೆ. ಇನ್ನೊಂದು ಕಡೆ ಜೊತೆಯಲ್ಲಿ ನಿಂತು ಬೇಡುವವನಿದ್ದಾನೆ.

ಎಂಟನೆಯ ಶತಮಾನದಲ್ಲಿ ಬಿಜಾಂಟೈನ್ ಚಕ್ರವರ್ತಿಗಳು ಪವಿತ್ರ ಚಿತ್ರಗಳನ್ನು ನಿಷೇಧಿಸಿದರು; 754ರ ಹಿಯೆರಿಯಾ ಸಭೆಯು ಅದನ್ನು ಸಮರ್ಥಿಸಿತು. ದಮಾಸ್ಕಸ್ಸಿನ ಯೊವಾನ್ನನೆಂಬ ವಿದ್ವಾಂಸನು ಚಿತ್ರಗಳ ಪರವಾಗಿ ಬರೆದನು. 787ರಲ್ಲಿ ಕೂಡಿದ ಎರಡನೆಯ ನೈಸಿಯಾ ಮಹಾಸಭೆಯು ‘ಲಾತ್ರಿಯಾ’ ಎಂಬ ಪರಮಾರಾಧನೆ ದೇವರಿಗೆ ಮಾತ್ರವೆಂದೂ, ಚಿತ್ರಕ್ಕೆ ಸಲ್ಲುವುದು ಗೌರವಪೂರ್ವಕ ನಮನವೆಂದೂ, ಆ ನಮನವು ಚಿತ್ರವನ್ನು ದಾಟಿ ಚಿತ್ರಿತನಾದವನಿಗೆ ಮುಟ್ಟುವುದೆಂದೂ ನಿರ್ಣಯಿಸಿತು. ಆದರೆ ಗ್ರೀಕಿನ ಈ ಸೂಕ್ಷ್ಮಭೇದವು ಲ್ಯಾಟಿನ್ ಅನುವಾದದಲ್ಲಿ ಅಳಿಸಿಹೋಯಿತು. ತ್ರಿತ್ವಕ್ಕೆ ಸಲ್ಲುವ ಆರಾಧನೆಯನ್ನೇ ಚಿತ್ರಗಳಿಗೂ ವಿಧಿಸಿದ್ದಾರೆಂದು ತಿಳಿದ ಪಶ್ಚಿಮದ ಬಿಷಪರು, ಷಾರ್ಲಮೇನನ ಆಶ್ರಯದಲ್ಲಿ 794ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸೇರಿ ಅದನ್ನು ತಿರಸ್ಕರಿಸಿದರು. ಎರಡು ಪಕ್ಷಗಳೂ ಯಾವುದನ್ನು ನಿರಾಕರಿಸುತ್ತಿದ್ದವೋ ಅದರ ಬಗೆಗೇ ಜಗಳವೆದ್ದಿತು. ಎರಡು ಭಾವಗಳಿಗೆ ಒಂದೇ ಮಾತಿದ್ದರೆ ಎಂಥ ಅನರ್ಥವಾಗುತ್ತದೆಂಬುದಕ್ಕೆ ಇದು ನಿದರ್ಶನ.

ಮಧ್ಯಯುಗದಲ್ಲಿ ಥಾಮಸ್ ಅಕ್ವಿನಾಸ್ ಮೊದಲಾದ ಪಂಡಿತರು ಈ ಪರಿಭಾಷೆಯನ್ನು ಕ್ರಮಪಡಿಸಿದರು: ದೇವರಿಗೆ ‘ಲಾತ್ರಿಯಾ’, ಸಂತರಿಗೆ ‘ದೂಲಿಯಾ’, ಮರಿಯಳಿಗೆ ‘ಹೈಪರ್‌ದೂಲಿಯಾ’ ಎಂಬ ವಿಶೇಷ ಗೌರವ. ಈ ಮೂರನೆಯದು ಎಷ್ಟೇ ಉನ್ನತವಾಗಿರಲಿ, ಸೃಷ್ಟಿಗೆ ಸಲ್ಲುವ ಗೌರವವೇ ಹೊರತು ಸೃಷ್ಟಿಕರ್ತನಿಗೆ ಸಲ್ಲುವ ಆರಾಧನೆಯಲ್ಲ.

ಸುಧಾರಣಾಪಂಥದವರಿಗೆ ಈ ವರ್ಗೀಕರಣ ಒಪ್ಪಿಗೆಯಾಗಲಿಲ್ಲ. 1530ರ ಆಗ್ಸ್‌ಬರ್ಗ್ ನಿವೇದನೆಯು ಸಂತರನ್ನು ಆದರ್ಶವೆಂದು ಸ್ಮರಿಸಬಹುದೆಂದಿತು; ಅವರನ್ನು ಮೊರೆಹೊಗುವುದನ್ನು ಮಾತ್ರ ತಳ್ಳಿಹಾಕಿತು. ಕ್ರಿಸ್ತನೊಬ್ಬನೇ ಮಧ್ಯಸ್ಥನೆಂಬುದು ಅದರ ಆಧಾರ. ಕಾಲ್ವಿನ್ನನ ಆಕ್ಷೇಪ ಇನ್ನೂ ಹರಿತವಾದುದು: ‘ದೂಲಿಯಾ’ ಎಂದರೆ ಸೇವೆ, ಸೇವೆಯು ಗೌರವಕ್ಕಿಂತ ಕಡಿಮೆಯದೇನಲ್ಲ, ಹೆಸರು ಬದಲಿಸಿದ ಮಾತ್ರಕ್ಕೆ ಕ್ರಿಯೆ ಬದಲಾಗದು. ಸಾಮಾನ್ಯ ಭಕ್ತನು ಕಷ್ಟಕಾಲದಲ್ಲಿ ಹರಕೆ ಹೊರುವಾಗ ಪಂಡಿತರ ಪರಿಭಾಷೆಯನ್ನು ನೆನೆಯುತ್ತಾನೆಯೇ ಎಂಬ ಪ್ರಶ್ನೆ ಈ ಆಕ್ಷೇಪದ ಬೆನ್ನಿಗಿದೆ. ಅದನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ಕ್ಯಾಥೊಲಿಕರ ಟ್ರೆಂಟ್ ಮಹಾಸಭೆಯೂ 1563ರ ಡಿಸೆಂಬರಿನಲ್ಲಿ ಸಂತರ ಮೊರೆಹೊಗುವುದು ಒಳ್ಳೆಯದೆಂದು ಎತ್ತಿಹಿಡಿಯುತ್ತಲೇ, ಅದರಲ್ಲಿ ನುಸುಳಿದ ಮೂಢನಂಬಿಕೆ ಮತ್ತು ಹಣಗಳಿಕೆಯನ್ನು ಕಿತ್ತೊಗೆಯಬೇಕೆಂದು ಬಿಷಪರಿಗೆ ಆದೇಶಿಸಿತು. ಅಪಾಯವಿದೆಯೆಂಬುದನ್ನು ಎರಡು ಪಕ್ಷಗಳೂ ಬಲ್ಲವು. ಒಂದು ಪಕ್ಷ ಬಾಗಿಲನ್ನೇ ಮುಚ್ಚಿತು, ಇನ್ನೊಂದು ಬಾಗಿಲಲ್ಲಿ ಕಾವಲಿಟ್ಟಿತು.

ಇಷ್ಟರಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಬಾಗಿದ ತಲೆಯೊಂದನ್ನೇ ಕಂಡು ಇದು ದೇವಾರಾಧನೆ, ಇದು ಅನ್ಯಾರಾಧನೆ ಎಂದು ತೀರ್ಪು ಕೊಡುವುದು ನೋಡುವವನಿಗೆ ತಕ್ಕುದಲ್ಲ. ಅರ್ಪಣೆ ಯಾರಿಗೆ, ಬೇಡಿಕೆ ಏನು ಎಂಬುದನ್ನು ಅವನು ವಿಚಾರಿಸಬೇಕು. ಹಾಗೆಯೇ, ಶಾಸ್ತ್ರದಲ್ಲಿ ಭೇದವಿದೆಯೆಂಬ ನೆಮ್ಮದಿಯಲ್ಲಿ ತನ್ನ ಮನಸ್ಸನ್ನು ಪರೀಕ್ಷಿಸದೆ ಬಿಡುವುದು ಭಕ್ತನಿಗೆ ತಕ್ಕುದಲ್ಲ. ಸಂತನ ಮುಂದೆ ಹಚ್ಚಿದ ದೀಪವು ಸಂತನಲ್ಲಿಯೇ ನಿಂತಿತೋ, ಅವನು ಬಾಳಿ ತೋರಿದ ದೇವರವರೆಗೆ ದಾರಿ ಬೆಳಗಿತೋ ಎಂಬುದನ್ನು ಹಚ್ಚಿದವನೇ ಬಲ್ಲನು.