ರಾತ್ರೋರಾತ್ರಿ ಏರುವ ಕಿಲೋ

2024ರ ಆಗಸ್ಟ್ 6ರ ಬೆಳಿಗ್ಗೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಅವರ ತೂಕ 50 ಕಿಲೋ ಮಿತಿಯೊಳಗೇ ಇತ್ತು. ಅಂದು ಒಂದೇ ದಿನ ಮೂರು ಪಂದ್ಯ ಗೆದ್ದು ಫೈನಲ್ ತಲುಪಿದರು. ನಡುವೆ ಶಕ್ತಿಗೆಂದು ತಿಂದದ್ದು, ಕುಡಿದದ್ದು ಎಲ್ಲ ಸೇರಿ ಸೆಮಿಫೈನಲ್ ಮುಗಿಯುವ ಹೊತ್ತಿಗೆ ತೂಕ ಮಿತಿಗಿಂತ 2.7 ಕಿಲೋ ಹೆಚ್ಚಾಗಿತ್ತು ಎಂದು ಭಾರತ ತಂಡದ ಮುಖ್ಯ ವೈದ್ಯರು ಆಮೇಲೆ ತಿಳಿಸಿದರು. ರಾತ್ರಿಯಿಡೀ ಬೆವರಿಳಿಸುವ ಕೆಲಸ ನಡೆಯಿತು. ಕೂದಲನ್ನೂ ಕತ್ತರಿಸಿದರು. ಬೆಳಿಗ್ಗೆ ತೂಗಿದಾಗ ನೂರು ಗ್ರಾಂ ಹೆಚ್ಚಿತ್ತು, ಅಷ್ಟಕ್ಕೇ ಅವರು ಅನರ್ಹಗೊಂಡರು.

ಪದಕ ಕೈತಪ್ಪಿದ ಸಂಕಟದಲ್ಲಿ ದೇಹದ ಒಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಒಂದು ಹಗಲಿನಲ್ಲಿ ಏರಿ, ಒಂದು ರಾತ್ರಿಯಲ್ಲಿ ಇಳಿದ ಆ ಎರಡೂವರೆ ಕಿಲೋಗೂ ಮೈಯ ಕೊಬ್ಬಿಗೂ ಸಂಬಂಧವೇ ಇರಲಿಲ್ಲ ಎನ್ನಬಹುದು. ಅದು ಹೆಚ್ಚಾಗಿ ನೀರು, ಮಿಕ್ಕಂತೆ ಹೊಟ್ಟೆಯಲ್ಲಿದ್ದ ಆಹಾರ.

ಇದೇ ನೀರು, ತೂಕ ಇಳಿಸಬೇಕೆಂದು ಲಾಲ್‌ಬಾಗಿನಲ್ಲೋ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಬೆಳಗಿನ ನಡಿಗೆ ಶುರು ಮಾಡಿದವರನ್ನು ಕಂಗೆಡಿಸುತ್ತದೆ. ಹತ್ತು ದಿನ ಬೆವರು ಸುರಿಸಿ ನಡೆದು, ಸಕ್ಕರೆ ಬಿಟ್ಟು, ರಾತ್ರಿ ಊಟ ಕಡಿಮೆ ಮಾಡಿ ಯಂತ್ರದ ಮೇಲೆ ನಿಂತರೆ ನಿನ್ನೆಗಿಂತ ಒಂದು ಕಿಲೋ ಜಾಸ್ತಿ! ನಡಿಗೆ ನಿಲ್ಲುವುದು ಎಷ್ಟೋ ಸಲ ಇಂಥ ಬೆಳಿಗ್ಗೆಯೇ. ನಿಲ್ಲಬಾರದು, ಯಾಕೆಂದು ಲೆಕ್ಕವೇ ಹೇಳುತ್ತದೆ.

ಮೈಯ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಅಡಗಿರುತ್ತದೆ. ದಿನಕ್ಕೆ 2,000 ಸಾಕಾಗುವ ವ್ಯಕ್ತಿಗೆ ರಾತ್ರಿ ಕಳೆಯುವುದರೊಳಗೆ ಒಂದು ಕಿಲೋ ಕೊಬ್ಬು ಬರಬೇಕಾದರೆ ಆತ ಹೆಚ್ಚುಕಡಿಮೆ ಐದು ದಿನಗಳ ಊಟವನ್ನು ಒಂದೇ ದಿನ ಉಂಡಿರಬೇಕು. ಮದುವೆ ಮನೆಯಲ್ಲೂ ಅದು ಆಗದ ಮಾತು. ಕರಗುವ ಕಡೆಯೂ ಇದೇ ಲೆಕ್ಕ. 70 ಕಿಲೋ ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 300 ಕಿಲೋಕ್ಯಾಲೊರಿ, ಅಂದರೆ 40 ಗ್ರಾಂ ಕೊಬ್ಬು. ದಿನಕ್ಕೆ ಗ್ರಾಂಗಳಲ್ಲಿ ಕರಗುವ ಕೊಬ್ಬನ್ನು ದಿನಕ್ಕೆ ಕಿಲೋ ಲೆಕ್ಕದಲ್ಲಿ ಏರಿಳಿಯುವ ನೀರಿನ ನಡುವೆ ಹುಡುಕುವುದೆಂದರೆ, ಗಾಳಿ ಬೀಸುವಾಗ ಅಲೆ ನೋಡಿ ಕೆರೆಯ ಮಟ್ಟ ಹೇಳಿದ ಹಾಗೆ.

ತೂಕದ ಯಂತ್ರದ ತಪ್ಪೇನೂ ಇದರಲ್ಲಿಲ್ಲ. ಮನೆಗಳಲ್ಲಿರುವ ಗಾಜಿನ ಹಲಗೆಯ ಯಂತ್ರವನ್ನು ತಿರುಗಿಸಿ ನೋಡಿದರೆ ನಾಲ್ಕು ಮೂಲೆಗೆ ನಾಲ್ಕು ಪಾದಗಳು. ಒಂದೊಂದು ಪಾದದ ಒಳಗೂ ಒಂದು ಲೋಹದ ತುಂಡು, ಅದಕ್ಕೆ ಅಂಟಿಸಿದ ಕೂದಲಿಗಿಂತ ತೆಳುವಾದ ಲೋಹದ ಎಳೆ. ಮೇಲೆ ಭಾರ ಬಿದ್ದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಎಳೆ ಅಷ್ಟೇ ಅಷ್ಟು ಹಿಗ್ಗುತ್ತದೆ, ಹಿಗ್ಗಿದ ಎಳೆಯಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. ನಾಲ್ಕು ಪಾದಗಳ ಈ ವ್ಯತ್ಯಾಸವನ್ನು ಕೂಡಿಸಿ ಒಳಗಿನ ಚಿಪ್ ಅಂಕಿ ತೋರಿಸುತ್ತದೆ. ಪಾದವೊಂದು ಚಾಪೆಯ ಅಂಚಿನ ಮೇಲೋ ಎರಡು ಟೈಲ್ಸ್ ಕೂಡುವ ಸಂದಿನಲ್ಲೋ ಕೂತರೆ ಅಂಕಿಯೂ ಬದಲಾಗುತ್ತದೆ. ಗಟ್ಟಿ ಸಮತಟ್ಟು ನೆಲದಲ್ಲಿಟ್ಟರೆ ಅದು ಪ್ರಾಮಾಣಿಕ ಯಂತ್ರ. ಆದರೆ ತಾನು ತೂಗುತ್ತಿರುವುದು ಕೊಬ್ಬೋ ನೀರೋ ಮೂಳೆಯೋ ಎಂಬುದು ಅದಕ್ಕೆ ತಿಳಿಯದು. ಅರ್ಧ ಲೀಟರ್ ನೀರು ಕುಡಿದು ಮತ್ತೆ ಹತ್ತಿದರೆ ಅರ್ಧ ಕಿಲೋ ಹೆಚ್ಚು ತೋರಿಸುತ್ತದೆ. ‘ಕೊಬ್ಬಿನ ಶೇಕಡಾವಾರು’ ಹೇಳುವ ಹೊಸ ಮಾದರಿಗಳು ಪಾದದ ಮೂಲಕ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿ ತಡೆಯನ್ನು ಅಳೆಯುತ್ತವೆ. ನೀರಿರುವ ಮಾಂಸಖಂಡದಲ್ಲಿ ವಿದ್ಯುತ್ ಸರಾಗ, ಕೊಬ್ಬಿನಲ್ಲಿ ಕಷ್ಟ. ಹಾಗಾಗಿ ಮೈಯಲ್ಲಿ ನೀರು ಹೆಚ್ಚುಕಡಿಮೆಯಾದರೆ ಆ ಅಂಕಿಯೂ ಅಲುಗುತ್ತದೆ.

ಇಷ್ಟು ನೀರು ಮೈಯಲ್ಲಿ ಬಂದು ಹೋಗುವುದು ಹೇಗೆ?

ಮೊದಲ ದಾರಿ ಗ್ಲೈಕೋಜನ್. ಅನ್ನ, ಮುದ್ದೆ, ಚಪಾತಿಯ ಪಿಷ್ಟ ಗ್ಲೂಕೋಸ್ ಆಗಿ, ತಕ್ಷಣಕ್ಕೆ ಬೇಡವಾದದ್ದರಲ್ಲಿ ಒಂದು ಪಾಲು ಗ್ಲೈಕೋಜನ್ ರೂಪದಲ್ಲಿ ಕೂಡಿಡಲ್ಪಡುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಮಾಂಸಖಂಡಗಳಲ್ಲಿ ಸುಮಾರು 400 ಗ್ರಾಂ. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಅಂದರೆ ಈ ಉಗ್ರಾಣ ಖಾಲಿಯಾದಾಗ ಎರಡು ಕಿಲೋ ಇಳಿಯುತ್ತದೆ, ತುಂಬಿದಾಗ ಎರಡು ಕಿಲೋ ಏರುತ್ತದೆ. ‘ಅನ್ನ ಬಿಡಿ, ಒಂದೇ ವಾರದಲ್ಲಿ ಮೂರು ಕಿಲೋ ಇಳಿಸಿ’ ಎನ್ನುವ ಜಾಹೀರಾತುಗಳು ನಿಂತಿರುವುದು ಈ ನೀರಿನ ಮೇಲೆ. ಪಿಷ್ಟ ಕಡಿಮೆಯಾದಾಗ ಇನ್ಸುಲಿನ್ ತಗ್ಗಿ, ಮೂತ್ರಪಿಂಡಗಳು ಸೋಡಿಯಂ ಅನ್ನು ಹೆಚ್ಚಾಗಿ ಹೊರಹಾಕುತ್ತವೆ, ಅದರ ಬೆನ್ನಿಗೆ ಇನ್ನಷ್ಟು ನೀರು ಹೋಗುತ್ತದೆ. ಯುಗಾದಿಯ ಒಬ್ಬಟ್ಟು, ಚಿತ್ರಾನ್ನದೊಂದಿಗೆ ಅದೆಲ್ಲ ಒಂದೇ ದಿನದಲ್ಲಿ ಹಿಂತಿರುಗುತ್ತದೆ. ಪಟ್ಟ ಶ್ರಮವೆಲ್ಲ ವ್ಯರ್ಥವಾಯಿತೆಂದು ಆಗ ಕೊರಗುವವರಿಗೆ ಇದನ್ನು ಯಾರಾದರೂ ಮೊದಲೇ ಹೇಳಿರಬೇಕಿತ್ತು.

ಎರಡನೆಯದು ಉಪ್ಪು. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ, ದೇಹದ ದ್ರವಗಳಿಗೆ ಹೊಂದುವ ಸಾಂದ್ರತೆ ಅದು. ಈ ಸಾಂದ್ರತೆಯನ್ನು ದೇಹ ಬಿಟ್ಟುಕೊಡುವುದಿಲ್ಲ. ಉಪ್ಪು ಹೆಚ್ಚು ಬಂದರೆ ಬಾಯಾರಿಕೆ ಕೆರಳಿಸಿ, ಮೂತ್ರ ತಗ್ಗಿಸಿ, ನೀರನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಹೆಚ್ಚುವರಿ ಉಪ್ಪನ್ನು ಮೂತ್ರಪಿಂಡಗಳು ಹೊರಹಾಕಲು ಒಂದೆರಡು ದಿನ ಬೇಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಖಾರದ ತಿಂಡಿ ಸೇರಿದ ಒಂದು ದಿನ ಆ ಗೆರೆಯನ್ನು ಸುಲಭವಾಗಿ ದಾಟುತ್ತದೆ.

ಇನ್ನೊಂದು ಕಾರಣ ವ್ಯಾಯಾಮವೇ, ಹೊಸಬರನ್ನು ಹೆಚ್ಚು ನೋಯಿಸುವುದೂ ಇದೇ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಮೊದಲ ಸಲ ಹತ್ತಿ ಇಳಿದವರ ಮರುದಿನವನ್ನು ನೋಡಿ. ಹತ್ತುವಾಗ ಏದುಸಿರು ಬಂದಿರಬಹುದು, ಆದರೆ ತೊಡೆ ಹಿಡಿದುಕೊಳ್ಳುವುದು ಇಳಿದದ್ದರಿಂದ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮೈಯ ಭಾರವನ್ನು ತಡೆದು ಹಿಡಿಯುತ್ತಲೇ ಉದ್ದವಾಗಬೇಕು. ಆ ಎಳೆತದಲ್ಲಿ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮ ಪೆಟ್ಟು ಬೀಳುತ್ತದೆ. ರಿಪೇರಿಗೆ ಬರುವ ರಕ್ಷಣಾ ಕಣಗಳ ಜೊತೆ ದ್ರವವೂ ಅಲ್ಲಿ ತುಂಬಿ ಸಣ್ಣದಾಗಿ ಬಾವು ಬರುತ್ತದೆ. ಒಂದರಿಂದ ಮೂರನೆಯ ದಿನದ ನಡುವೆ ನೋವು ಜೋರು, ಬಳಿಕ ತಾನಾಗಿ ಇಳಿಯುತ್ತದೆ. ಜಿಮ್ಮಿನಲ್ಲಿ ಮೊದಲ ವಾರ ಬಸ್ಕಿ ಹೊಡೆದವರಿಗೂ ಇದೇ ಅನುಭವ. ಓಟ, ಸೈಕಲ್ ಶುರು ಮಾಡಿದವರ ದೇಹ ಇನ್ನೂ ಒಂದು ತಯಾರಿ ಮಾಡಿಕೊಳ್ಳುತ್ತದೆ: ಬೆವರಿ ತಂಪಾಗಲು ಅನುಕೂಲವಾಗುವಂತೆ ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗವನ್ನು ಹೆಚ್ಚಿಸಿಕೊಳ್ಳುತ್ತದೆ. ಇದು ಆರೋಗ್ಯದ ಲಕ್ಷಣ, ಆದರೂ ತೂಕವಾಗಿಯೇ ಕಾಣುತ್ತದೆ. ‘ಕೊಬ್ಬು ಹೋಗಿ ಮಾಂಸಖಂಡ ಬಂದಿದೆ’ ಎಂದು ಇಂಥವರಿಗೆ ಸಮಾಧಾನ ಹೇಳುವುದುಂಟು. ಒಂದೇ ವಾರದಲ್ಲಿ ಕಿಲೋ ಮಾಂಸಖಂಡ ಬೆಳೆಯುವುದಿಲ್ಲ, ಅದು ತಿಂಗಳುಗಳ ಕೆಲಸ.

ಹೆಂಗಸರಿಗೆ ಮುಟ್ಟಿನ ಚಕ್ರದ ಏರಿಳಿತವೂ ಸೇರುತ್ತದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಕೆಲವರ ಮೈಯಲ್ಲಿ ಒಂದೆರಡು ಕಿಲೋ ನೀರು ನಿಲ್ಲುತ್ತದೆ, ಸ್ರಾವ ಶುರುವಾದ ಮೇಲೆ ಇಳಿಯುತ್ತದೆ. ಅವರು ಈ ವಾರವನ್ನು ಕಳೆದ ವಾರದ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಕಳೆದ ಚಕ್ರದ ಇದೇ ದಿನದ ಜೊತೆ ಹೋಲಿಸಬೇಕು.

ಹಾಗಾದರೆ ನಿಜವಾದ ಕೊಬ್ಬು ಮೈಯಿಂದ ಹೋಗುವುದು ಯಾವ ದಾರಿಯಲ್ಲಿ? ಇಟಲಿಯ ಪಡುವಾದ ವೈದ್ಯ ಸಾಂಟೋರಿಯೊ ನಾಲ್ಕು ಶತಮಾನಗಳ ಹಿಂದೆ ಇದರ ಹತ್ತಿರ ಬಂದಿದ್ದ. ದೊಡ್ಡ ತಕ್ಕಡಿಗೆ ಕುರ್ಚಿಯೊಂದನ್ನು ತೂಗುಹಾಕಿ, ಅದರಲ್ಲಿ ಕೂತು, ತಿಂದದ್ದು ಕುಡಿದದ್ದು ವಿಸರ್ಜಿಸಿದ್ದು ಎಲ್ಲವನ್ನೂ ಸುಮಾರು ಮೂವತ್ತು ವರ್ಷ ತೂಗಿ ಬರೆದಿಟ್ಟ. 1614ರಲ್ಲಿ ಪ್ರಕಟವಾದ ಅವನ ಪುಸ್ತಕದ ಲೆಕ್ಕದಂತೆ, ಎಂಟು ಪೌಂಡ್ ಉಂಡರೆ ಐದು ಪೌಂಡ್ ಕಣ್ಣಿಗೆ ಕಾಣದೆಯೇ ಮೈಬಿಟ್ಟು ಹೋಗುತ್ತದೆ. ಚರ್ಮ ಮತ್ತು ಉಸಿರಿನ ಮೂಲಕ ಹೋಗುವ ಆವಿಯೇ ಅದರಲ್ಲಿ ಹೆಚ್ಚು. ಆ ಕಾಣದ ಪಾಲಿನಲ್ಲಿ ಕರಗಿದ ಕೊಬ್ಬೂ ಇತ್ತು. ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಪರಮಾಣು ಪರಮಾಣುವಿನ ಲೆಕ್ಕ ಹಾಕಿ ತೋರಿಸಿದಂತೆ, 10 ಕಿಲೋ ಕೊಬ್ಬು ಕರಗಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಬೆವರಿನ ಹನಿ ಕೊಬ್ಬಲ್ಲ. ಮೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಓಡುವವರು ಕಳೆದುಕೊಳ್ಳುವುದು ನೀರನ್ನು ಮಾತ್ರ, ಎದುರಿಸುವುದು ನಿರ್ಜಲೀಕರಣದ ಅಪಾಯವನ್ನು.

ತೂಕ ನೋಡುವುದಾದರೆ ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಕಾಫಿಗೂ ಮುಂಚೆ, ಒಂದೇ ಬಗೆಯ ಹಗುರ ಉಡುಪಿನಲ್ಲಿ, ಯಂತ್ರವನ್ನು ಅದೇ ಜಾಗದಲ್ಲಿಟ್ಟು ನೋಡುವುದು ಸರಿಯಾದ ಕ್ರಮ. ಏಳು ದಿನದ ಅಂಕಿಗಳ ಸರಾಸರಿ ತೆಗೆದು, ಅದನ್ನು ಹಿಂದಿನ ವಾರಗಳ ಸರಾಸರಿಯ ಪಕ್ಕದಲ್ಲಿಡಬೇಕು. ಹೊಕ್ಕುಳ ಮಟ್ಟದಲ್ಲಿ ಟೇಪ್ ಹಿಡಿದು ಸೊಂಟದ ಸುತ್ತಳತೆ ಬರೆದಿಟ್ಟರೆ, ತೂಕ ಅಲುಗದ ವಾರಗಳಲ್ಲೂ ಬದಲಾವಣೆ ಕಾಣಬಹುದು.

ಈ ಏರಿಳಿತವನ್ನು ಕಡೆಗಣಿಸಬಾರದವರೂ ಇದ್ದಾರೆ. ಮೂತ್ರಪಿಂಡ ಸೋತು ಡಯಾಲಿಸಿಸ್‌ನಲ್ಲಿರುವವರನ್ನು ಪ್ರತಿ ಸಲವೂ ಮೊದಲು ಮತ್ತು ಆಮೇಲೆ ತೂಗುತ್ತಾರೆ. ಹಿಂದಿನ ಸಲದಿಂದ ಏರಿದ ತೂಕವೇ ಅಂದು ಎಷ್ಟು ನೀರು ತೆಗೆಯಬೇಕೆಂಬುದಕ್ಕೆ ಆಧಾರ. ಹೃದಯ ದುರ್ಬಲವಾಗಿರುವ ರೋಗಿಗಳಿಗೆ ದಿನವೂ ತೂಕ ಬರೆದಿಡಲು ವೈದ್ಯರು ಹೇಳುವುದೂ ಇದಕ್ಕೇ. ಅವರಲ್ಲಿ ಒಂದು ದಿನಕ್ಕೆ ಒಂದು ಕಿಲೋ ಮೀರಿ ಅಥವಾ ವಾರಕ್ಕೆ ಎರಡು ಕಿಲೋ ಮೀರಿ ತೂಕ ಏರಿದರೆ, ಪಾದ ಊದಿಕೊಂಡರೆ ಅಥವಾ ಅಂಗಾತ ಮಲಗಿದಾಗ ಉಸಿರು ಕಟ್ಟಿದಂತಾದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ವೈದ್ಯರಿಗೆ ತಿಳಿಸಬೇಕು.